ಕರಾಟೆಯಲ್ಲಿ ಶಿಸ್ತು ಬೆಳೆಸಿಕೊಳ್ಳಲು ಒಂದೇ ಕಟಾ ಸಾಕು

ಕರಾಟೆ ತರಗತಿಯ ಶಿಸ್ತೆಂದರೆ ಗುರುಗಳ ಗಟ್ಟಿ ದನಿ, ತಡವಾಗಿ ಬಂದವರಿಗೆ ದಂಡ ಹೊಡೆಸುವ ಶಿಕ್ಷೆ ಎಂದು ಭಾವಿಸುವವರೇ ಹೆಚ್ಚು. ಅಂತಹ ಶಿಸ್ತು ಗುರುಗಳು ಎದುರಿಗಿರುವಷ್ಟು ಹೊತ್ತು ಮಾತ್ರ ಉಳಿಯುತ್ತದೆ. ಯಾರೂ ನೋಡದಿರುವಾಗಲೂ ತನ್ನ ಹೆಜ್ಜೆಯನ್ನು ತಾನೇ ಅಳೆದು ತಿದ್ದಿಕೊಳ್ಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕಾದರೆ, ಶೋಟೋಕಾನ್ ಎಂಬ ಕರಾಟೆ ಶೈಲಿಯಲ್ಲಿ ಸಾಮಾನ್ಯವಾಗಿ ಮೊದಲು ಕಲಿಯುವ ಹೇಯಾನ್ ಶೋದಾನ್ ಎಂಬ ಕಟಾವನ್ನು, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ತಡೆ, ಗುದ್ದುಗಳ ಸರಣಿಯನ್ನು, ಹಿಡಿಯುವುದು ಒಳ್ಳೆಯದು. ಜಪಾನಿನ ಓಕಿನಾವಾದ ಕರಾಟೆ ಗುರು ಇತೋಸು ಅಂಕೋ ಅವರು ಶಾಲಾ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ ಕಟಾಗಳ ಸರಣಿಗೆ ಇದು ಸೇರಿದ್ದು, 1922ರಲ್ಲಿ ಟೋಕಿಯೊಗೆ ತೆರಳಿದ, ಶೋಟೋಕಾನ್ ಶೈಲಿಯ ಸ್ಥಾಪಕ ಫುನಾಕೋಶಿ ಗಿಚಿನ್ ಅವರು ಅದಕ್ಕೆ ಇಂದಿನ ಹೆಸರಿಟ್ಟರು. ಇದರಲ್ಲಿರುವುದು 21 ಚಲನೆಗಳು ಮಾತ್ರ.

ಈ ಕಟಾ ಆರಂಭಿಸಿದ ಜಾಗಕ್ಕೇ ಮರಳಿ ಬಂದು ಮುಗಿಯುತ್ತದೆ. ಆದ್ದರಿಂದ ತಾರಸಿಯ ಮೇಲಾಗಲಿ ಅಂಗಳದಲ್ಲಾಗಲಿ ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಪಾದಗಳ ಸುತ್ತ ಗುರುತು ಹಾಕಿಕೊಂಡು, ನೆಲವನ್ನು ನೋಡದೆ ಕಟಾ ಮುಗಿಸಿ, ಆಮೇಲೆ ಕೆಳಗೆ ನೋಡಬೇಕು. ಗುರುತಿಗಿಂತ ಹಿಂದೆ ನಿಂತಿದ್ದರೆ, ಮುಂದಕ್ಕೆ ಹೋಗುವಾಗ ಮಾಡುವ ಮೂರು ಮೇಲ್ತಡೆಗಳ ಹೆಜ್ಜೆಗಿಂತ ಮರಳುವಾಗಿನ ಮೂರು ಗುದ್ದುಗಳ ಹೆಜ್ಜೆ ಉದ್ದವಾಗಿರುವ ಸಾಧ್ಯತೆ ಹೆಚ್ಚು. ಗುದ್ದುವ ಉತ್ಸಾಹದಲ್ಲಿ ಹೀಗಾಗುವುದು ಸಹಜ. ಗುರುತಿಗಿಂತ ಮುಂದೆ ನಿಂತಿದ್ದರೆ ಮರಳುವಾಗ ಹೆಜ್ಜೆ ಕುಗ್ಗಿರಬಹುದು. ಸೀಮೆಸುಣ್ಣ ಯಾರ ಮುಲಾಜನ್ನೂ ನೋಡುವುದಿಲ್ಲವಾದ್ದರಿಂದ, ಗುರುಗಳ ಮೆಚ್ಚುಗೆಗಿಂತ ಅದರ ತೀರ್ಪನ್ನು ನಾನು ಹೆಚ್ಚು ನಂಬುತ್ತೇನೆ.

ಹೆಜ್ಜೆ ಏಕೆ ಏರುಪೇರಾಯಿತು ಎಂಬುದಕ್ಕೆ ಉತ್ತರ ಸಾಮಾನ್ಯವಾಗಿ ನಿಲುವಿನಲ್ಲಿರುತ್ತದೆ. ಜೆಂಕುತ್ಸು ದಾಚಿಯಲ್ಲಿ, ಅಂದರೆ ಮುಂಗಾಲನ್ನು ಬಾಗಿಸಿ ನಿಲ್ಲುವ ಉದ್ದ ನಿಲುವಿನಲ್ಲಿ, ಮುಂಗಾಲಿನ ಮಂಡಿ ಅದೇ ಕಾಲಿನ ಹೆಬ್ಬೆರಳಿನ ದಿಕ್ಕಿಗೆ ಬಾಗಿರಬೇಕು, ಹಿಂಗಾಲಿನ ಹಿಮ್ಮಡಿ ನೆಲ ಬಿಡಬಾರದು, ಎರಡು ಪಾದಗಳ ನಡುವೆ ಅಡ್ಡಲಾಗಿ ಸುಮಾರು ಭುಜದಗಲದ ಅಂತರವಿರಬೇಕು. ತಿರುಗುವಾಗ ಕಾಲನ್ನು ಅಡ್ಡಲಾಗಿ ಸಾಕಷ್ಟು ಸರಿಸದೆ ಇಟ್ಟರೆ ಪಾದಗಳೆರಡೂ ಒಂದೇ ಗೆರೆಯ ಮೇಲೆ ಬಂದು, ಪಕ್ಕದಿಂದ ಜೊತೆಗಾರ ಬೆರಳಿನಿಂದ ತಳ್ಳಿದರೂ ದೇಹ ವಾಲುತ್ತದೆ. ಹಾಗೆ ತಳ್ಳಿಸಿಕೊಂಡು ನೋಡುವುದೇ ಉತ್ತಮ ಪರೀಕ್ಷೆ. ಹೆಜ್ಜೆ ದಾಟುವಾಗ ತಲೆ ಮೇಲೇರಿ ಇಳಿಯುತ್ತಿದೆಯೇ ಎಂಬುದನ್ನು ಕಿಟಕಿಯ ಅಡ್ಡ ಸರಳುಗಳ ಎದುರು ಅಭ್ಯಾಸ ಮಾಡುವಾಗ ಸುಲಭವಾಗಿ ಕಂಡುಕೊಳ್ಳಬಹುದು.

ಕೈಗಳ ವಿಷಯದಲ್ಲಿ ಗುದ್ದುವ ಕೈಗಿಂತ ಸೊಂಟಕ್ಕೆ ಎಳೆದುಕೊಳ್ಳುವ ಕೈಯನ್ನೇ ಹೆಚ್ಚು ಗಮನಿಸಬೇಕು. ಆಯಾಸವಾದಾಗ ಮೊದಲು ಸಡಿಲವಾಗುವುದು ಅದೇ: ಮುಷ್ಟಿ ಸೊಂಟ ಮುಟ್ಟದೆ ಹೊಟ್ಟೆಯ ಬಳಿ ನಿಲ್ಲುತ್ತದೆ, ಮೊಣಕೈ ಹೊರಕ್ಕೆ ಚಾಚುತ್ತದೆ. ಕಿಯಾಯಿ ಎಂಬ ಗಟ್ಟಿ ಕೂಗು ಬರುವುದು 9 ಮತ್ತು 17ನೆಯ ಚಲನೆಗಳಲ್ಲಿ, ಅಂದರೆ ಮೂರನೆಯ ಮೇಲ್ತಡೆ ಮತ್ತು ಮೂರನೆಯ ಗುದ್ದಿನಲ್ಲಿ. ಕೂಗು ಆ ಚಲನೆ ಮುಗಿದ ನಂತರ ಹೊರಟರೆ ಅದು ಬರೀ ಸದ್ದು.

ಇವೆಲ್ಲವನ್ನೂ ಒಂದೇ ದಿನ ತಿದ್ದಲು ಹೊರಟವರು ಯಾವುದನ್ನೂ ತಿದ್ದಲಾರರು. ಅಭ್ಯಾಸ ಮುಗಿದ ಕೂಡಲೇ, ಬೆವರು ಆರುವ ಮೊದಲೇ, ಅಂದು ಕಂಡ ಒಂದು ದೋಷವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮರುದಿನ ಕಟಾವನ್ನು ಅರ್ಧ ವೇಗದಲ್ಲಿ ಮಾಡುತ್ತ ಅದೊಂದನ್ನೇ ನೋಡಿಕೊಳ್ಳಬೇಕು. ಬೇರೆ ತಪ್ಪುಗಳು ಕಣ್ಣಿಗೆ ಬಿದ್ದರೂ ಸದ್ಯಕ್ಕೆ ಬಿಡಬೇಕು. ಹಾಗೆ ಬಿಡುವುದು ತಿದ್ದುವುದಕ್ಕಿಂತ ಕಷ್ಟ. ಬೆಲ್ಟ್ ಪರೀಕ್ಷೆ ಹತ್ತಿರವಿದೆ ಎಂಬ ಅವಸರಕ್ಕೆ, ಅದರಲ್ಲೂ ಮಕ್ಕಳಿಗಿಂತ ಪೋಷಕರಿಗೇ ಹೆಚ್ಚಾಗಿರುವ ಅವಸರಕ್ಕೆ, ಇಲ್ಲಿ ಜಾಗವಿಲ್ಲ.

ನಿಧಾನವಾಗಿ ಮಾಡಿದಾಗ ಪ್ರತಿಸಲವೂ ಗುರುತಿನ ಮೇಲೆಯೇ ಬಂದು ನಿಲ್ಲುವಂತಾದ ಮೇಲೆ ಪೂರ್ಣ ವೇಗದಲ್ಲಿ ಮಾಡಿ ನೋಡಿ. ಅಲ್ಲಿಯೂ ಸರಿಯಾದರೆ ಆರಂಭದಲ್ಲಿ ಮುಖ ಮಾಡುತ್ತಿದ್ದ ದಿಕ್ಕನ್ನು ಬದಲಿಸಿ, ಗೋಡೆ, ಬಾಗಿಲುಗಳ ಆಸರೆಯಿಲ್ಲದೆ ದಾರಿ ತಪ್ಪುವುದೋ ಎಂದು ಪರೀಕ್ಷಿಸಿಕೊಂಡು, ಅದಾದ ಬಳಿಕ ಸರಣಿಯ ಮುಂದಿನ ಕಟಾ ಹೇಯಾನ್ ನಿದಾನ್ ಆರಂಭಿಸಿ.