ಔಟ್‌ಫೀಲ್ಡ್‌ನಲ್ಲಿ ಬಲ ಮಂಡಿ ಊರಿಸಿದೆ, ಬಾಲ್ ನಿಂತಿತು

ಈ ಸಲದ ಜಿಲ್ಲಾ ಮಟ್ಟದ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಗಳಲ್ಲಿ ನೆಲದ ಮೇಲೆ ಉರುಳಿ ಬಂದ ಒಂದು ಬಾಲೂ ನಮ್ಮ ಔಟ್‌ಫೀಲ್ಡ್ ದಾಟಿ ಹಿಂದಕ್ಕೆ ಹೋಗಲಿಲ್ಲ. "ಮಂಡಿ ಊರಿಸ್ತೀರಾ? ರನ್ನರ್‌ಗೆ ಒಂದು ಬೇಸ್ ಸುಮ್ನೆ ಕೊಟ್ಟ ಹಾಗೆ" ಎಂದು ಹೇಳುತ್ತಿದ್ದ ಕೋಚ್‌ಗಳೇ ಪಂದ್ಯ ಮುಗಿದ ಮೇಲೆ ಬಂದು ವಿಚಾರಿಸಿದರು. ಅಲ್ಲಿ ನಿಂತು ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಕಡೆಯ ಹೈಸ್ಕೂಲು ಮೈದಾನ. ಕೆಂಪು ಮಣ್ಣು, ಅಲ್ಲಲ್ಲಿ ಗರಿಕೆ, ಮಳೆ ಬಂದು ಹೋದ ಮೇಲೆ ಎದ್ದು ನಿಲ್ಲುವ ಸಣ್ಣ ಕಲ್ಲು. ಹಿಂದೆ ಬೇಲಿ ಇಲ್ಲ. ಗ್ಲೌಸ್ ಕೆಳಗೆ ತೂರಿದ ಬಾಲ್ ರಸ್ತೆ ಮುಟ್ಟುವವರೆಗೂ ಓಡುತ್ತದೆ. ಬೇಸ್‌ನಿಂದ ಬೇಸ್‌ಗೆ 60 ಅಡಿ. ನಾಲ್ಕೂ ಸುತ್ತಿ, ಬ್ಯಾಟರ್ ಹೊರಟ ಹೋಮ್‌ಗೇ ಮರಳಿ ರನ್ ಗಳಿಸಲು 240 ಅಡಿ. ಚುರುಕಾದ ಹುಡುಗಿ ಅದನ್ನು ಸುಮಾರು 13-14 ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಹಿಂದೆ ಹೋದ ಬಾಲನ್ನು ಅಟ್ಟಿಸಿಕೊಂಡು ಹೋಗಿ, ಎತ್ತಿ, ತಿರುಗಿ ಎಸೆಯಲು ನಮ್ಮವರಿಗೆ 10 ಸೆಕೆಂಡ್ ಮೇಲೇ ಬೇಕು. ಅಷ್ಟರಲ್ಲಿ ಅವಳು ಹೋಮ್ ಹತ್ತಿರ ಇರುತ್ತಾಳೆ. ಮಂಡಿ ಊರಿದರೆ ಹೋಗುವುದು ಹೆಚ್ಚೆಂದರೆ ಒಂದು ಸೆಕೆಂಡ್. ನನ್ನ ವಾದ ಇಷ್ಟೇ.

ಮೊದಲು ಎಲ್ಲರ ಹಾಗೆ ನಾವೂ ಓಡುತ್ತಲೇ ಎತ್ತುವುದನ್ನು ಅಭ್ಯಾಸ ಮಾಡಿದೆವು. ಸಪಾಟಾದ ಹುಲ್ಲಿನ ಮೈದಾನದಲ್ಲಿ ಅದು ಚೆಂದ. ನಮ್ಮಲ್ಲಿ ಕೊನೆಯ ಪುಟಿತ ಯಾವ ಕಡೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸೆಮಿಫೈನಲ್ ಹಾಗೇ ಕೈ ಬಿಟ್ಟು ಹೋಯಿತು.

ಆಮೇಲೆ ಕ್ರಿಕೆಟ್‌ನ ಲಾಂಗ್ ಬ್ಯಾರಿಯರ್ ತಂದೆವು, ಅಂದರೆ ಒಂದು ಮಂಡಿ ಊರಿ ಕಾಲನ್ನೇ ಬಾಲಿಗೆ ಅಡ್ಡಗೋಡೆ ಮಾಡುವುದು. ಹುಡುಗಿಯರೆಲ್ಲ ಗಲ್ಲಿ ಕ್ರಿಕೆಟ್ ಆಡಿದವರು, ಎಡ ಮಂಡಿ ಊರುವುದು ಅವರಿಗೆ ಮೊದಲೇ ಬರುತ್ತಿತ್ತು. ಬಾಲ್ ನಿಂತಿತು, ಆದರೆ ಎಸೆತ ಕೆಟ್ಟಿತು. ಕ್ರಿಕೆಟ್‌ನಲ್ಲಿ ಬರಿಗೈ. ಇಲ್ಲಿ ಎಡಗೈಯಲ್ಲಿ ದೊಡ್ಡ ಗ್ಲೌಸ್ ಇದೆ. ಎಡ ಮಂಡಿ ನೆಲದಲ್ಲಿದ್ದರೆ ಆ ಗ್ಲೌಸ್ ತೊಡೆಗೆ ಸಿಕ್ಕಿಕೊಳ್ಳುತ್ತದೆ. ಎದ್ದ ಮೇಲೆ ಕಾಲು ಬದಲಾಯಿಸಬೇಕು, ಅಲ್ಲೇ ಲಯ ತಪ್ಪುತ್ತದೆ. ಕಟ್‌ಆಫ್‌ಗೆ, ಅಂದರೆ ನಡುವೆ ನಿಂತು ಎಸೆತ ಹಿಡಿದು ಮುಂದಕ್ಕೆ ಕಳಿಸುವವಳಿಗೆ, ಬಾಲ್ ಎರಡು ಪುಟಿತದಲ್ಲಿ ತಲುಪುತ್ತಿತ್ತು.

ಬಲಗೈಯಲ್ಲಿ ಎಸೆಯುವವರಿಗೆ ಬಲ ಮಂಡಿ ಊರಿಸಿದ ದಿನದಿಂದ ಎಲ್ಲ ಬದಲಾಯಿತು. ಎಡ ಪಾದ ಮುಂದೆ. ಬಲ ಮೊಣಕಾಲಿನ ಕೆಳಭಾಗ ಸ್ವಲ್ಪ ಅಡ್ಡಕ್ಕೆ, ಎಡ ಹಿಮ್ಮಡಿಯ ಹಿಂದೆ ಸಂದು ಉಳಿಯದ ಹಾಗೆ. ಗ್ಲೌಸ್ ಎರಡರ ನಡುವೆ, ಮುಂದೆ, ಬೆರಳು ನೆಲಕ್ಕೆ ತಾಗಿರಬೇಕು. ಗ್ಲೌಸ್ ಕೆಳಗಿನಿಂದ ಮೇಲಕ್ಕೆ ಬರಲಿ, ಮೇಲಿನಿಂದ ಕೆಳಕ್ಕೆ ಬೇಡವೇ ಬೇಡ. ಬಲಗೈ ಗ್ಲೌಸ್ ಪಕ್ಕದಲ್ಲೇ. ಗದ್ದ ಎದೆಗೆ ಹತ್ತಿರ. ತಲೆ ಎತ್ತಿದರೆ ಗ್ಲೌಸೂ ಎದ್ದುಬಿಡುತ್ತದೆ, ಬಾಲ್ ಕೆಳಗೆ ತೂರುತ್ತದೆ. ಗ್ಲೌಸ್ ತಪ್ಪಿದರೂ ಎದೆಗೋ ಕಾಲಿಗೋ ಬಡಿದು ಮುಂದೆಯೇ ಬೀಳಬೇಕು. ಏಳುವಾಗ ಬಲಗಾಲು ತಾನಾಗಿ ಹಿಂದೆ ಇರುತ್ತದೆ. ಒಂದು ಜಿಗಿತ, ಎಸೆತ. ಎಡಗೈಯವರಿಗೆ ಎಲ್ಲ ಉಲ್ಟಾ.

"ಇದು ನಿಧಾನ" ಎನ್ನುವವರು ನೋಡದೇ ಬಿಡುವುದು ಓಟವನ್ನು. ನಮ್ಮವರು ನಿಂತಲ್ಲೇ ಮಂಡಿ ಊರುವುದಿಲ್ಲ. ಬ್ಯಾಟ್ ಸದ್ದು ಕೇಳಿದ ಕೂಡಲೇ ಪೂರ್ತಿ ವೇಗದಲ್ಲಿ ಬಾಲಿನ ದಾರಿಗೆ ನುಗ್ಗುತ್ತಾರೆ. ಕೊನೆಗೆ ಚಿಕ್ಕ ಚಿಕ್ಕ ಹೆಜ್ಜೆ. ಬಾಲ್ ಎರಡು ಮೂರು ಹೆಜ್ಜೆ ದೂರ ಇರುವಾಗ ಮಂಡಿ. ಅದಕ್ಕಿಂತ ಬೇಗ ಕೂತರೆ ಬಾಲ್ ದಿಕ್ಕು ಬದಲಿಸಿದಾಗ ಕಂಬದ ಹಾಗೆ ನೋಡುತ್ತಿರಬೇಕು. ಮಂಡಿ ಊರುವ ಈ ಸಮಯ ಕೈಗೆ ಹತ್ತಲು ಒಂದು ಸೀಸನ್ ಪೂರ್ತಿ ಹಿಡಿಯಿತು. ಕೊನೆಯ ಎರಡು ಹೆಜ್ಜೆಗೆ ನಾವು ಒಂದು ಎಣಿಕೆ ಹೇಳಿಕೊಳ್ಳುತ್ತೇವೆ. ಅದನ್ನು ಬರೆಯುವುದಿಲ್ಲ, ಮೈದಾನಕ್ಕೆ ಬಂದರೆ ತೋರಿಸುತ್ತೇನೆ.

ಖರ್ಚಿನ ವಿಷಯ. ಮಂಡಿ ಸುಲಿಯುತ್ತದೆ, ಪೋಷಕರು ಕೇಳುತ್ತಾರೆ. ವಾಲಿಬಾಲ್ ನೀ ಪ್ಯಾಡ್ ಜೋಡಿಗೆ 250-300 ರೂಪಾಯಿ ಕೊಟ್ಟು ತಂದೆ. ನಮ್ಮ ಮಣ್ಣಿಗೆ ತಿಂಗಳು ಬಾಳಲಿಲ್ಲ. ಸೈಕಲ್ ಟ್ಯೂಬ್ ಕಟ್ಟಿಸಿ ನೋಡಿದೆ, ಬೆವರಿಗೆ ಜಾರಿತು. ಕೊನೆಗೆ ಊರಿನ ದರ್ಜಿ ಹಳೆ ಜೀನ್ಸ್ ಬಟ್ಟೆಯೊಳಗೆ ಫೋಮ್ ಇಟ್ಟು ಹೊಲಿದುಕೊಟ್ಟರು. ಜೋಡಿಗೆ 80 ರೂಪಾಯಿ ಇರಬೇಕು. ಎರಡನೇ ವರ್ಷಕ್ಕೂ ನಡೆಯುತ್ತಿದೆ. ಗ್ಲೌಸ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. 600ರ ರೆಕ್ಸಿನ್ ಗ್ಲೌಸ್‌ಗೆ ಬಾಲ್ ಬಡಿದು ಹೊರಗೆ ಹಾರುತ್ತದೆ. 1,500ರ ಆಸುಪಾಸಿನ ಚರ್ಮದ್ದು ಮೂರು ಇದ್ದರೆ ಔಟ್‌ಫೀಲ್ಡ್‌ಗೆ ಸಾಕು.

ಹೆಸರು ಸಾಫ್ಟ್‌ಬಾಲ್ ಆದರೂ 180 ಗ್ರಾಂ ದಾಟುವ ಗಟ್ಟಿ ಬಾಲ್, ಅಲ್ವಾ? ಹೊಸಬರಿಗೆ ಮೊದಲ ವಾರಗಳಲ್ಲಿ ಟೆನ್ನಿಸ್ ಬಾಲ್, ಆಮೇಲೆ ಬಡಿದು ಬಡಿದು ಮೆತ್ತಗಾದ ಹಳೆ ಬಾಲ್, ಕೊನೆಗೆ ಹೊಸದು. ಹೆದರಿಕೆ ಹೋಗದೆ ಗದ್ದ ಕೆಳಗೆ ಬರುವುದಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ತೆಂಗಿನ ನಾರಿನ ಹಗ್ಗ ಹಾಸಿ, ಮೇಲೆ ಗೋಣಿಚೀಲ ಮುಚ್ಚಿ, ಅದರ ಮೇಲೆ ಟೆನ್ನಿಸ್ ಬಾಲ್ ಉರುಳಿಸಿದೆ. ಎಲ್ಲಿ ಪುಟಿಯುತ್ತದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಹುಡುಗಿಯರು ಇದನ್ನು ಆಟದ ಹಾಗೆ ಆಡಿದರು, ಕಾಲು ಚುರುಕಾಯಿತು. ಇನ್ನೊಂದು, ಬಾಲಿನ ಅರ್ಧಕ್ಕೆ ಕೆಂಪು ಬಣ್ಣ ಬಳಿದೆ. ಲೆಫ್ಟ್ ಫೀಲ್ಡ್‌ಗೆ (ಹೋಮ್‌ನಿಂದ ನೋಡಿದರೆ ಔಟ್‌ಫೀಲ್ಡ್‌ನ ಎಡಭಾಗ) ಬಲಗೈ ಬ್ಯಾಟರ್ ಎಳೆದು ಹೊಡೆದ ಬಾಲ್ ಅಂಚಿನ ಫೌಲ್ ಗೆರೆಯ ಕಡೆ ಎಳೆಯುವುದು ಆಗ ಎಲ್ಲರ ಕಣ್ಣಿಗೂ ಬಿತ್ತು. ಈಗ ನಮ್ಮ ಲೆಫ್ಟ್ ಫೀಲ್ಡರ್ ಗೆರೆಯ ಕಡೆ ಅರ್ಧ ಹೆಜ್ಜೆ ಜಾಸ್ತಿ ಇಟ್ಟು ಓಡುತ್ತಾಳೆ. ನಮ್ಮ ಜಿಲ್ಲೆಯಲ್ಲಿ ಅವಳಷ್ಟು ಚೆನ್ನಾಗಿ ನೆಲದ ಬಾಲ್ ನಿಲ್ಲಿಸುವವರನ್ನು ನಾನು ಕಂಡಿಲ್ಲ.

ಮಂಡಿ ಎಲ್ಲ ಹೊತ್ತಿಗೂ ಅಲ್ಲ. ಕೊನೆಯ ಇನ್ನಿಂಗ್ಸ್, ಸ್ಕೋರ್ ಸಮ, ಎರಡನೇ ಬೇಸ್‌ನಲ್ಲಿ ರನ್ನರ್ ಇದ್ದರೆ ಓಡುತ್ತಲೇ ಎತ್ತಿ ಹೋಮ್‌ಗೆ ಎಸೆಯಲೇಬೇಕು. ಬೇಸ್ ಖಾಲಿ ಇದ್ದರೆ ಮಂಡಿ. ಮೊದಲ ಬೇಸ್‌ನಲ್ಲಿ ರನ್ನರ್ ಇದ್ದಾಗ ಬಾಲ್ ಮೆಲ್ಲಗೆ ಬರುತ್ತಿದ್ದರೆ ಫೀಲ್ಡರ್‌ಗಳೇ ತೀರ್ಮಾನಿಸಲಿ ಎಂದು ಬಿಟ್ಟಿದ್ದೇನೆ. ಯಾವುದೇ ಆಗಲಿ, ಪಕ್ಕದ ಫೀಲ್ಡರ್ ಹದಿನೈದು ಹೆಜ್ಜೆ ಹಿಂದೆ ಬಂದು ನಿಲ್ಲಬೇಕು. ನಿಲ್ಲದವಳು ನಮ್ಮ ತಂಡದಲ್ಲಿ ಮುಂದಿನ ಪಂದ್ಯ ಬೆಂಚಿನಿಂದ ನೋಡುತ್ತಾಳೆ.