800 ಮೀಟರ್: ಮೂರನೇ ಇನ್ನೂರರಲ್ಲಿ ಕೈಕೊಡದಂತೆ ಓಡುವುದು ಹೇಗೆ?

ದಾವಣಗೆರೆಯಲ್ಲಿ ಮೊದಲ ಸಲ 800 ಓಡಿದಾಗ ನಾನು ಮೊದಲ ಸುತ್ತನ್ನು 60 ಸೆಕೆಂಡಿಗೆ ಮುಗಿಸಿದ್ದೆ. ಎಲ್ಲರಿಗಿಂತ ಮುಂದೆ! ಎರಡನೇ ಸುತ್ತಿಗೆ 82 ಹಿಡಿಯಿತು, ಕೊನೆಯವನಾಗಿ ಬಂದೆ. ಹೊಸಬರು ಮಾಡುವ ತಪ್ಪು ಇದೊಂದೇ.

800 ಅಂದರೆ ಎರಡು ಸುತ್ತು ಅಂದುಕೊಳ್ಳಬೇಡಿ, ನಾಲ್ಕು ಇನ್ನೂರು ಅಂದುಕೊಳ್ಳಿ. ಮೊದಲನೆಯದು ಹುಮ್ಮಸ್ಸಿನಲ್ಲೇ ಹೋಗುತ್ತದೆ, ಎರಡನೆಯದು ಪರವಾಗಿಲ್ಲ, ಕೊನೆಯದರಲ್ಲಿ ಗೆರೆ ಕಣ್ಣಿಗೆ ಕಾಣುವುದರಿಂದ ಹೇಗೋ ಕಾಲು ಎಳೆದುಕೊಂಡು ಬರುತ್ತೀರಿ. ಆಟ ಕೆಡುವುದು ಮೂರನೆಯದರಲ್ಲಿ, ಕೊನೆಯ ಸುತ್ತಿನ ಬೆಲ್ ಹೊಡೆದ ಮೇಲೆ. 2 ನಿಮಿಷ 20 ಸೆಕೆಂಡ್ ಗುರಿ ಇದ್ದರೆ ಮೊದಲ ಸುತ್ತು 69, ಎರಡನೆಯದು 71 ಇಟ್ಟುಕೊಳ್ಳಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 1:40.91ರ ವಿಶ್ವದಾಖಲೆ ಮಾಡಿದಾಗ ಮೊದಲ ಸುತ್ತು 49.28, ಎರಡನೆಯದು ಅದಕ್ಕಿಂತ ಬರೀ ಎರಡು ಸೆಕೆಂಡ್ ಚಿಲ್ಲರೆ ಜಾಸ್ತಿ. ಮುಂದೆ ಓಡುವುದೇ ತಪ್ಪು ಅಂತಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ನಮ್ಮ ಶ್ರೀರಾಮ್ ಸಿಂಗ್ ಮೊದಲ ಸುತ್ತು ಮುಂದಿದ್ದು ಕೊನೆಗೆ ಏಳನೆಯವರಾದರು, ಆದರೆ ಅವರ 1:45.77ರ ರಾಷ್ಟ್ರೀಯ ದಾಖಲೆ 2018ರಲ್ಲಿ ಜಿನ್ಸನ್ ಜಾನ್ಸನ್ ಬರುವ ತನಕ ಉಳಿಯಿತು.

ಈಗ ತಯಾರಿ. ವಾರಕ್ಕೆ ಎರಡೇ ದಿನ ಜೋರಾಗಿ ಓಡಿ, ಆ ಎರಡು ದಿನ ಪಕ್ಕಪಕ್ಕ ಬರಬಾರದು. ಒಂದು ದಿನ 200 ಮೀಟರ್ ಎಂಟು ಸಲ, ತಲಾ 35 ಸೆಕೆಂಡಿಗೆ, ನಡುವೆ 200 ನಡಿಗೆ. ಇನ್ನೊಂದು ದಿನದ್ದು ನಿಜವಾದ ಮದ್ದು: ರೇಸಿನ ವೇಗದಲ್ಲೇ 500 ಓಡಿ, ಒಂದೇ ನಿಮಿಷ ನಿಂತು, ಉಸಿರು ಸರಿಹೋಗುವ ಮೊದಲೇ 300 ಓಡಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ. ಕಾಲು ಕಲ್ಲಾದಾಗಲೂ ಭುಜ ಬಿಗಿಯದೆ ಕೈ ಬೀಸುವುದು ಇಲ್ಲೇ ಅಭ್ಯಾಸವಾಗಬೇಕು. ಉಳಿದ ದಿನ ಕುಂದವಾಡ ಕೆರೆ ಸುತ್ತ ಮೂವತ್ತು ನಲವತ್ತು ನಿಮಿಷ, ಪಕ್ಕದವರ ಜೊತೆ ಮಾತಾಡಿಕೊಂಡೇ ಓಡುವಷ್ಟು ನಿಧಾನ. ಒಂದು ದಿನ ಪೂರ್ತಿ ರಜೆ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಗೊತ್ತಲ್ವಾ, ಆರಕ್ಕೇ ಶುರು ಮಾಡಿ.

ಊಟ ರೇಸಿಗೆ ಮೂರು ಗಂಟೆ ಮೊದಲು, ಹಗುರವಾಗಿ. ಬೆಣ್ಣೆ ದೋಸೆ ಬೇಡ, ಮಿರ್ಚಿ ಅಂತೂ ಬೇಡವೇ ಬೇಡ.

ಸ್ಟಾರ್ಟ್‌ನಲ್ಲಿ ‘ಸೆಟ್’ ಅನ್ನುವುದಿಲ್ಲ. ‘ಆನ್ ಯುವರ್ ಮಾರ್ಕ್ಸ್’, ಆಮೇಲೆ ನೇರ ಗುಂಡು, ಹಾಗಾಗಿ ನಿಂತೇ ರೆಡಿ ಇರಿ. ಲೇನ್‌ನಿಂದ ಶುರುವಾದರೆ ಮೊದಲ ತಿರುವು ಮುಗಿಯುವ ತನಕ ಅದರಲ್ಲೇ ಇರಬೇಕು. ಆಮೇಲೆ ಒಳಗೆ ಬರುವಾಗ ದಿಢೀರಂತ ನುಗ್ಗಬೇಡಿ, ಓರೆಯಾಗಿ ನಿಧಾನ ಸೇರಿಕೊಳ್ಳಿ. ತಿರುವಿನಲ್ಲಿ ಎರಡನೇ ಲೇನ್‌ನಲ್ಲಿ ಓಡಿದರೆ ಪ್ರತಿ ತಿರುವಿಗೂ ಸುಮಾರು 4 ಮೀಟರ್ ಸುಮ್ನೆ ಜಾಸ್ತಿ ಓಡಿದಂತೆ. ಹಿಂದಿಕ್ಕುವುದೇನಿದ್ದರೂ ನೇರ ದಾರಿಯಲ್ಲಿ. ಆದರೆ ಪೂರ್ತಿ ಒಳಗೆ ಅಂಟಿಕೊಂಡು ಗುಂಪಿನ ಮಧ್ಯೆ ಸಿಕ್ಕಿಹಾಕಿಕೊಂಡರೆ ಮುಗೀತು, ಮುಂದಿರುವವರ ಬಲಭುಜದ ಪಕ್ಕ ಇರಿ.

ಗೆರೆ ದಾಟಿದ ತಕ್ಷಣ ಅಲ್ಲೇ ಮಲಗಬೇಡಿ, ಹಿಂದಿನವರು ಎಡವುತ್ತಾರೆ. ಐದು ನಿಮಿಷ ನಡೆದು, ಆಮೇಲೆ ಹತ್ತು ನಿಮಿಷ ಮೆಲ್ಲಗೆ ಓಡಿ.