ಮೂರು ಆದಾಯ ಮಿತಿ, ಒಂದು ವಹಿ: ನಮ್ಮ ಸಂಘದ ವಿಮಾ ನೋಂದಣಿಯ ಅನುಭವ

ಶಿರಸಿ ತಾಲ್ಲೂಕಿನ ನಮ್ಮ ಸೇವಾ ಸಹಕಾರಿ ಸಂಘದಲ್ಲಿ, ಯಾವ ಸದಸ್ಯ ಕುಟುಂಬಕ್ಕೆ ಯಾವ ಆರೋಗ್ಯ ಯೋಜನೆ ಸಿಗುತ್ತದೆ ಎಂಬುದನ್ನು ನೋಂದಣಿಗೆ ಮೊದಲೇ ಬರೆದಿಡೋಣ ಎಂದು ನಾನು ಹೇಳಿದಾಗ ಆಡಳಿತ ಮಂಡಳಿಯಲ್ಲಿ ಒಪ್ಪಿದವರು ಕಡಿಮೆ. ‘ಅದು ನಮಗ್ಯಾಕೆ ಮಾರಾಯ್ರೆ, ಆಸ್ಪತ್ರೆಯವರು ನೋಡ್ಕೋತಾರೆ’ ಎಂದರು. ಈಗ ಅಕ್ಕಪಕ್ಕದ ಸಂಘದವರು ಅದೇ ವಹಿಯನ್ನು ನೋಡಲು ಬರುತ್ತಿದ್ದಾರೆ.

2022ರ ಕೊನೆಯಲ್ಲಿ, ಸಹಕಾರಿ ಸಂಘಗಳ ಸದಸ್ಯರಿಗೆಂದೇ ಇರುವ ಯಶಸ್ವಿನಿ ಆರೋಗ್ಯ ಯೋಜನೆ ಮರುಜಾರಿಯಾದಾಗ ‘ವಾರ್ಷಿಕ ಆದಾಯ’ ಎಂಬ ಒಂದೇ ಅಂಕಣವಿಟ್ಟು ಬರೆದುಕೊಂಡ ಪಟ್ಟಿ ಪೂರ್ತಿ ನಿಷ್ಪ್ರಯೋಜಕವಾಯಿತು. ರೇಷನ್ ಕಾರ್ಡಿನ ವಿಚಾರ ಬಂದರೆ 1 ಲಕ್ಷ ಎನ್ನುವ ಮನೆಯವರೇ ಬೆಳೆಸಾಲದ ಹೊತ್ತಿಗೆ 4 ಲಕ್ಷ ಎನ್ನುತ್ತಾರೆ. ಸೊಸೆ ಸರ್ಕಾರಿ ಶಾಲೆಯ ಶಿಕ್ಷಕಿ ಎಂಬುದು ಹಣ ಕಟ್ಟಿದ ಮೇಲೆ ತಿಳಿದ ಕುಟುಂಬಗಳೂ ಇದ್ದವು. ಹಾಗೆ ವ್ಯರ್ಥವಾದದ್ದು ಆರೇಳು ಸಾವಿರ ರೂಪಾಯಿ ಇದ್ದೀತು.

ಆದಾಯ ಎಷ್ಟು ಎಂದು ಕೇಳುವುದನ್ನು ಬಿಟ್ಟು ಯಾರ ಆದಾಯ, ಯಾವ ಬಗೆಯದು ಎಂದು ಕೇಳತೊಡಗಿದ ಮೇಲೆ ಕೆಲಸ ಹಿಡಿತಕ್ಕೆ ಬಂತು. ಬಿಪಿಎಲ್ ಕಾರ್ಡಿಗೆ ಇಡೀ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು; ಜಮೀನು, ಸ್ವಂತ ಬಳಕೆಯ ಕಾರು, ಆದಾಯ ತೆರಿಗೆಯ ಷರತ್ತುಗಳು ಬೇರೆ. ಯಶಸ್ವಿನಿಯಲ್ಲಿ ತೋಟದ ಉತ್ಪನ್ನವನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಸರ್ಕಾರಿ ನೌಕರರಿದ್ದಾರೆಯೇ, ಖಾಸಗಿ ನೌಕರಿಯ ಸಂಬಳ ತಿಂಗಳಿಗೆ 30,000 ಮುಟ್ಟಿದೆಯೇ, ಬೇರೆ ಆರೋಗ್ಯ ವಿಮೆ ಇದೆಯೇ ಎಂಬುದೇ ಅಲ್ಲಿ ಮುಖ್ಯ. ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ನೌಕರನೊಬ್ಬನ ವೇತನ ಮಾತ್ರ ಲೆಕ್ಕ, ಮಿತಿ ತಿಂಗಳಿಗೆ 21,000.

ಒಂದು ಮನೆಯ ಲೆಕ್ಕವನ್ನೇ ನೋಡಿ. ಒಂದೂವರೆ ಎಕರೆ ಹಳೆಯ ತೋಟ, ಏಳೆಂಟು ಕ್ವಿಂಟಲ್ ರಾಶಿ ಅಡಿಕೆ, ದರ ಕ್ವಿಂಟಲಿಗೆ ಸುಮಾರು 45,000. ಸಂಘದ ಖಾತೆಯಲ್ಲಿ ಮೂರು ಲಕ್ಷದ ಮೇಲೆಯೇ ಜಮಾ ಕಾಣುತ್ತದೆ. ಕೊನೆಕೊಯ್ಲು, ಸುಲಿಯುವ ಕೂಲಿ, ಬೋರ್ಡೋ ಸಿಂಪರಣೆ, ಗೊಬ್ಬರ, ಬಡ್ಡಿ ಎಲ್ಲ ಕಳೆದರೆ ಉಳಿಯುವುದು 1.80 ಲಕ್ಷದ ಆಸುಪಾಸು. ಬಿಪಿಎಲ್ ಇಲ್ಲ. ಎಪಿಎಲ್ ಕಾರ್ಡಿನವರಿಗೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರ ಕೊಡುವುದು ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ಕುಟುಂಬಕ್ಕೆ 1.50 ಲಕ್ಷದವರೆಗೆ, ಬಿಪಿಎಲ್‌ನವರಿಗಾದರೆ 5 ಲಕ್ಷ. ಆದರೆ ಈ ಮನೆಯ ಮಗನಿಗೆ ಹುಬ್ಬಳ್ಳಿಯ ಖಾಸಗಿ ನೌಕರಿಯಲ್ಲಿ ಸಿಗುವುದು 26,000 ಇದ್ದುದರಿಂದ, ನಾಲ್ವರಿಗೆ 500 ರೂಪಾಯಿ ಕಟ್ಟಿದರೆ ಯಶಸ್ವಿನಿಯ 5 ಲಕ್ಷದ ರಕ್ಷಣೆ ಸಿಕ್ಕಿತು. ಮರುವರ್ಷವೇ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೆ ಕೈಸಾಲ ಮಾಡುವ ಪ್ರಮೇಯ ಬರಲಿಲ್ಲ ಎಂಬುದು ನನ್ನ ಮಟ್ಟಿಗೆ ಈ ಕೆಲಸದ ದೊಡ್ಡ ಗಳಿಕೆ.

ಕೊಳೆರೋಗ ಬಂದ ವರ್ಷ ಅದೇ ತೋಟದ ಆದಾಯ 1.20 ಲಕ್ಷದ ಕೆಳಗೆ ಇಳಿಯುತ್ತದೆ. ಆದಾಯ ಪ್ರಮಾಣಪತ್ರದ ಅವಧಿಯೋ ಐದು ವರ್ಷ. ಆದ್ದರಿಂದ ನಾಡಕಚೇರಿಗೆ ಅರ್ಜಿ ಹಾಕುವವರಿಗೆ ಸಂಘದ ಖಾತೆಯ ಪ್ರತಿಯೊಂದಿಗೆ ಖರ್ಚಿನ ವಿವರವನ್ನೂ ಬರೆದುಕೊಟ್ಟು ನೋಡಿದೆ. ಅಂದಾಜಿನ ಜಗ್ಗಾಟ ಬಹಳಷ್ಟು ತಗ್ಗಿತು.

ಇಎಸ್‌ಐ ವಿಷಯದಲ್ಲೂ ಒಂದು ಪ್ರಯೋಗ ಮಾಡಿದ್ದೇನೆ. ವೇತನ ನಡುವೆ 21,000 ದಾಟಿದರೂ ಆ ವಂತಿಗೆ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ನೌಕರ ಯೋಜನೆಯಲ್ಲೇ ಇರುತ್ತಾನೆ. ಹಾಗಾಗಿ ಗಾರ್ಮೆಂಟ್ಸ್‌ಗೆ ಹೋಗುವ ಮಕ್ಕಳ ಸಂಬಳ ಏರಿದ ತಿಂಗಳನ್ನೂ ಗುರುತು ಹಾಕುತ್ತೇನೆ.

ಹಣ ಕಟ್ಟಲು ಸದಸ್ಯರ ಕೈ ಖಾಲಿ ಇರುವ ಸಮಯವೇ ನೋಂದಣಿಯ ಸಮಯ. ಮುನ್ನೂರರಷ್ಟು ಕುಟುಂಬಗಳಿಗೆ ಸಂಘದಿಂದಲೇ ಒಂದೂವರೆ ಲಕ್ಷ ಮುಂಗಡ ಹಾಕಿ, ಅಡಿಕೆ ವ್ಯಾಪಾರವಾದಾಗ ಖಾತೆಗೆ ಖರ್ಚು ಬರೆದೆವು. ಮುಳುಗುತ್ತದೆ ಎಂದಿದ್ದ ಹಣದಲ್ಲಿ ನಾಲ್ಕೈದು ಸಾವಿರ ಬಿಟ್ಟು ಎಲ್ಲ ಮರಳಿತು. ಮಗನ ಸಂಬಳವನ್ನು ತಂದೆಯ ಬಾಯಿಂದ ಹೇಗೆ ಹೊರಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ವಹಿಯ ಅಂಕಣಗಳನ್ನು ಯಾವ ಸಂಘದವರು ಬಂದರೂ ತೋರಿಸುತ್ತೇನೆ.